ಮುಳ್ಳಿನ ವಕಾಲತ್ತು

ಬೆಳಿಗ್ಗೆ ಹಾಲಿನ ಪಾಕೀಟು ಎತ್ತಿಕೊಳ್ಳಲು ಬಾಗಿಲು ತೆರೆದರೆ ಎದುರುಮನೆಯ ಸಾಹೇಬರು ನಮ್ಮ ಗೇಟಿನ ಮುಂದೆ ನಿಂತಿದ್ದರು. ನಿವೃತ್ತ ಅಧಿಕಾರಿಗಳು, ಸಜ್ಜನರು, ವಾಕಿಂಗಿನ ಹೊರತು ಬೇರೆ ಚಟವಿಲ್ಲದವರು.

“ಸರ, ಹೇಳಬೇಕು ಹೇಳಬೇಕು ಅಂತ ಭಾಳ ದಿನಾ ಆತು. ಈ ಕವಳಿ ಕಂಟಿ ತಗಸಿಬಿಡ್ರಿ. ಮನಿ ಮುಂದ ಮುಳ್ಳಿನ ಗಿಡ ಇರಬಾರದ್ರಿ. ಮನ್ಯಾಗ ಜಗಳ ಆಕ್ಕಾವು ಅಂತ ವಾಸ್ತುದಾಗ ಐತಿ.”

“ಕವಳಿ ಹಚ್ಚಿದ್ದು ಈಚೀಗ್ರಿ. ಜಗಳ ಲಗ್ನಾದಾಗಿಂದನ ಅದಾವು” ಎಂದೆ.

ಅವರು ನಗಲಿಲ್ಲ. ಟೀ ಶರ್ಟಿನ ತೋಳು ತೋರಿಸಿದರು. ಒಂದು ಎಳೆ ಕಿತ್ತು ಜೋತಾಡುತ್ತಿತ್ತು. ಮನೆಯೊಳಗೆ ಜಗಳ ಆಗುವುದೋ ಇಲ್ಲವೋ, ಗೇಟಿನ ಹತ್ತಿರ ಒಂದು ಆಗುವ ಲಕ್ಷಣ ಸ್ಪಷ್ಟವಾಗಿತ್ತು. “ನೋಡೋಣ್ರಿ” ಎಂದು ಒಳಗೆ ಬಂದು ಚಹಾ ಕುಡಿದೆ. ಚಹಾ ಇಳಿಯಿತು, ಸಿಟ್ಟು ಇಳಿಯಲಿಲ್ಲ.

ಸಿಟ್ಟು ವಾಸ್ತುವಿನ ಮೇಲಲ್ಲ, ಅವರ ಕಂಪೌಂಡಿನ ಮೇಲೆ. ಆಳೆತ್ತರದ ಗೋಡೆ. ಗೋಡೆಯ ತಲೆಗೆ ಸಿಮೆಂಟಿನಲ್ಲಿ ಹುಗಿದ ಬಾಟಲಿ ಚೂರು. ಅದರ ಮೇಲೆ ಎರಡು ಸುತ್ತು ಮುಳ್ಳುತಂತಿ. ಗೇಟಿನ ಮೇಲೆ ಬಂಗಾರದ ಬಣ್ಣ ಬಳಿದ ಭರ್ಚಿಯ ಮೊನೆಗಳು. ಕಬ್ಬಿಣದ ಮುಳ್ಳಿಗೆ ವಾಸ್ತುದೋಷವಿಲ್ಲ, ಗಾಜಿನ ಮುಳ್ಳಿಗೂ ಇಲ್ಲ. ಎಲೆ ಬಿಟ್ಟು, ಬಿಳಿ ಹೂ ಬಿಟ್ಟು, ಬೇಸಿಗೆ ಮುಗಿಯುವ ಹೊತ್ತಿಗೆ ಕರ್ರಗಿನ ಹಣ್ಣು ಕೊಡುವ ಮುಳ್ಳಿಗೆ ಮಾತ್ರ ದೋಷ.

ಗುಲಾಬಿಗೂ ಮುಳ್ಳಿದೆಯಲ್ಲ ಎಂಬ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದನ್ನು ಎತ್ತಿ ಎತ್ತಿ ಭಾಷಣಕಾರರ ಕೈಯೇ ಗೀರಿಹೋಗಿದೆ. ಮುಳ್ಳು ದನದ ಬಾಯಿ ತಡೆಯುತ್ತದೆ ಎಂಬುದನ್ನು ಏಳನೇ ಇಯತ್ತೆಯ ಪುಸ್ತಕವೇ ಹೇಳಿ ಮುಗಿಸಿದೆ. ಮುಂಡರಗಿ ಕಡೆಯ ಆಡುಗಳು ಮಾತ್ರ ಆ ಪುಸ್ತಕ ಓದಿಲ್ಲ. ಹಿಂಗಾಲಿನ ಮೇಲೆ ನಿಂತು, ತುಟಿಯನ್ನು ಎರಡು ಮುಳ್ಳಿನ ನಡುವೆ ತೂರಿಸಿ, ಎಲೆಯನ್ನಷ್ಟೇ ಎಳೆದುಕೊಂಡು ಕೆಳಗಿಳಿಯುತ್ತವೆ.

ಮುಳ್ಳುತಂತಿಯ ಇತಿಹಾಸ ಸಾಹೇಬರಿಗೆ ಹೇಳಬೇಕಿತ್ತು. ಅಮೆರಿಕದ ಬಯಲಿನ ರೈತರು ಮೊದಲು ದನಕ್ಕೆ ಅಡ್ಡವಾಗಿ ಓಸೇಜ್ ಆರೆಂಜ್ ಎಂಬ ಮುಳ್ಳಿನ ಮರವನ್ನೇ ಸಾಲಾಗಿ ಬೆಳೆಸುತ್ತಿದ್ದರು. ಗಿಡ ಬೆಳೆಯಲು ವರ್ಷಗಟ್ಟಲೆ ಬೇಕು, ಅವರಿಗೆ ಅವಸರ. 1874ರಲ್ಲಿ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ ತಂತಿಗೆ ಮುಳ್ಳು ಹೆಣೆದು ಪೇಟೆಂಟ್ ತೆಗೆದುಕೊಂಡ. ಅಂದಿನಿಂದ ಬೇಲಿಗೆ ನೀರು ಹಾಕುವ ಕೆಲಸ ತಪ್ಪಿತು, ಬೇಲಿಯಲ್ಲಿ ಹಣ್ಣು ಬಿಡುವುದೂ ತಪ್ಪಿತು.

ನಮ್ಮಲ್ಲೂ ಬೇಲಿಯ ಹುಚ್ಚು ಕಡಿಮೆಯಿರಲಿಲ್ಲ. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಉತ್ತರ ಹಿಂದೂಸ್ತಾನಕ್ಕೆ ಅಡ್ಡಲಾಗಿ ಸುಂಕದ ಗಡಿ ಎಳೆದು, ಅದರಲ್ಲಿ ನೂರಾರು ಮೈಲಿ ಜೀವಂತ ಮುಳ್ಳುಬೇಲಿ ಬೆಳೆಸಿದ್ದರು. ಹಚ್ಚಿದ್ದು ಏನೆಂದರೆ ಬಾರಿ, ಜಾಲಿ, ಕವಳಿ, ಡಬ್ಬಗಳ್ಳಿ, ಎಲ್ಲವೂ ಶಿರಹಟ್ಟಿ ಹೊಲದ ಬದುವಿನಲ್ಲಿ ಸಿಗುವ ಗಿಡಗಳೇ. ಆ ಬೇಲಿಯನ್ನು ಮುತುವರ್ಜಿಯಿಂದ ಬೆಳೆಸಿದ ಅಧಿಕಾರಿ ಎ.ಒ. ಹ್ಯೂಮ್, 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದೆ ನಿಂತ ಅದೇ ಹ್ಯೂಮ್. ಬೇಲಿ 1879ರಲ್ಲಿ ಹೋಯಿತು, ಉಪ್ಪಿನ ತೆರಿಗೆ ಉಳಿಯಿತು. ಮುಂದಿನದನ್ನು ಗಾಂಧೀಜಿ ನೋಡಿಕೊಂಡರು.

ನಿಜವಾಗಿ ಹೇಳುತ್ತೇನೆ, ಗ್ಲಿಡನ್‌ನ ತಂತಿಗೆ ಬುದ್ಧಿ ಕಡಿಮೆ. ಬಾರಿ ಗಿಡದ ಟೊಂಗೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎಲೆಯ ಬುಡಕ್ಕೆ ಜೋಡಿ ಮುಳ್ಳು. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಹಣ್ಣಿಗೆ ಕೈ ಹಾಕುವಾಗ ನೆಟ್ಟಗಿನದು ಚುಚ್ಚುತ್ತದೆ. ಬೆಚ್ಚಿ ಕೈ ಹಿಂದೆಳೆದರೆ ಕೊಕ್ಕೆಯದು ಹಿಡಿಯುತ್ತದೆ. ಹೋಗುವವನಿಗೊಂದು, ಬರುವವನಿಗೊಂದು. ಹೀಗಿದ್ದೂ ಸಂಕ್ರಮಣದ ಹೊತ್ತಿಗೆ ನಮ್ಮ ಸಂತೆಗಳಲ್ಲಿ ಬಾರಿಹಣ್ಣಿನ ರಾಶಿ ಬೀಳುತ್ತದೆ. ಸಣ್ಣ ಕೂಸನ್ನು ಮಣೆಯ ಮೇಲೆ ಕೂಡಿಸಿ, ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು ಎರೆಯುತ್ತಾರೆ. ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಮುಳ್ಳಿನ ಗಿಡದಿಂದ ಬಂದದ್ದೆಂದು ಕೂಸಿನ ತಲೆಗೆ ಯಾರೂ ವಾಸ್ತು ನೋಡಿದ್ದಿಲ್ಲ.

ಕೈತೋಟದ ಮಾತಿಗೆ ಬಂದರೆ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಕೂತು ಹುಲ್ಲುಹಾಸು ಬೆಳೆಸುತ್ತೇನೆಂದು ಹಟ ಹಿಡಿಯುವುದಕ್ಕಿಂತ ಕವಳಿ ಹಚ್ಚುವುದು ಮಾನ ಉಳಿಸುವ ಕೆಲಸ. ಮಿರುಗು ಮಳೆ ಹಿಡಿದ ಮೇಲೆ ಎರಡು ಮೂರು ಅಡಿಗೊಂದು ಸಸಿ ಇಟ್ಟರಾಯಿತು. ಮೊದಲ ಒಂದೆರಡು ವರ್ಷ ಅದರ ಸುತ್ತ ಬಾರಿ ಕಂಟಿ ಕಡಿದು ಇಡಬೇಕು, ಇಲ್ಲವಾದರೆ ಎಳೆಯದಿದ್ದಾಗಲೇ ಆಡು ಮುಗಿಸಿಬಿಡುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಕತ್ತರಿ ಆಡಿಸಿದರೆ ಬೆಕ್ಕೂ ತೂರಲಾರದ ಗೋಡೆ. ಕಾಯಿ ಉಪ್ಪಿನಕಾಯಿಗೆ, ಹಣ್ಣು ಬಾಯಿಗೆ. ನಿಂಬೆ, ದಾಳಿಂಬೆ, ಪತ್ರಿ ಗಿಡ, ಕಾಗದದ ಹೂ, ಹಳದಿ ಹೂವಿನ ಮುಳ್ಳುಗೋರಂಟಿ, ಇವೆಲ್ಲ ಮುಳ್ಳಿನ ಜಾತಿಯವೇ. ಪತ್ರಿ ಗಿಡದ ಮುಳ್ಳು ಬೆರಳುದ್ದ ಬರುತ್ತದೆ, ಆದರೆ ಅದು ಶಿವನ ಗಿಡ. ಲಕ್ಷ್ಮೇಶ್ವರದ ಸೋಮೇಶ್ವರನಿಗೆ ದಿನಾ ಪತ್ರಿ ಏರಿಸುವ ಭಕ್ತರ ಮುಂದೆ ಅದರ ಮುಳ್ಳಿಗೆ ದೋಷ ಹೇಳುವ ಧೈರ್ಯ ಯಾವ ವಾಸ್ತು ಪಂಡಿತರಿಗಿದೆ?

ಗುಡ್ಡದ ಕವಳಿ ಬೇರೆ. ಬೇಲಿಗೆ ಹಚ್ಚುವ ಕವಳಿಗಿಂತ ಅದರ ಹಣ್ಣು ಸಣ್ಣದು, ರುಚಿ ದೊಡ್ಡದು. ಕಪ್ಪತಗುಡ್ಡಕ್ಕೆ ಹೋದವರು ಗಾಳಿಯಂತ್ರದ ಮುಂದೆ ಫೋಟೊ ಹೊಡೆಸಿಕೊಂಡು, ಔಷಧಿ ಸಸ್ಯಗಳ ಹೆಸರು ಕೇಳಿಕೊಂಡು ಬರುತ್ತಾರೆ. ಗುಡ್ಡದ ಮೈತುಂಬ ಇರುವ ಕಂಟಿಯ ಸುದ್ದಿ ತೆಗೆಯುವವರು ಕಡಿಮೆ. ಗಣಿಯ ಕಣ್ಣು ಬಿದ್ದಿದ್ದ ಗುಡ್ಡ ಅದು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಜನ ಬೀದಿಗಿಳಿದರು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಲ್ಲಿ ಕತ್ತೆಕಿರುಬಕ್ಕೂ ತೋಳಕ್ಕೂ ಹಗಲು ಮಲಗಲು ಮರೆ ಕೊಡುವುದು ದೊಡ್ಡ ಮರಗಳಲ್ಲ, ಈ ಕವಳಿ, ಕಾರಿ, ಪರಗಿ ಕಂಟಿಗಳೇ.

ಇಷ್ಟಾದರೂ ಮುಳ್ಳಿನ ಹೆಸರು ಕೆಟ್ಟದ್ದು ಯಾರಿಂದ? ಸಣ್ಣವರಿಂದಲ್ಲ. ಪುರಂದರದಾಸರಿಂದ. ದುರ್ಜನರನ್ನು ಜಾಲಿಯ ಮರಕ್ಕೆ ಹೋಲಿಸಿದ ಅವರ ಕೀರ್ತನೆ ಕನ್ನಡಿಗರಿಗೆಲ್ಲ ಗೊತ್ತು. ನಮ್ಮವ್ವ ಅದನ್ನು ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ಹಿಂದಿನ ದಿನ ಯಾವ ಬೀಗರು ಬಂದು ಹೋಗಿದ್ದರು ಎಂಬುದನ್ನು ಬಡಿತದ ಬಿರುಸಿನ ಮೇಲೆ ನಾವು ಲೆಕ್ಕ ಹಾಕುತ್ತಿದ್ದೆವು. ದಾಸರ ಆಪಾದನೆ ದೊಡ್ಡದೇ: ಬಳಲಿದವನಿಗೆ ತಂಪಾಗದು, ಹಸಿದವನ ಹೊಟ್ಟೆಗಾಗದು, ಹೂವು ಮೂಗಿಗಾಗದು, ಬುಡದಲ್ಲಿ ಕೂತೇನೆಂದರೆ ಅದೂ ಆಗದು.

ದಾಸರ ಮೇಲೆ ಭಕ್ತಿ ಇಟ್ಟುಕೊಂಡೇ ಜಾಲಿಯ ಪರವಾಗಿ ವಕಾಲತ್ತು ಹಾಕುತ್ತೇನೆ. ತಂಪಿನ ಮಾತು ಮೊದಲು. ಏಪ್ರಿಲ್ ತಿಂಗಳ ಮಧ್ಯಾಹ್ನ ಲಕ್ಷ್ಮೇಶ್ವರದ ದಾರಿಯಲ್ಲಿ ಕುರಿಹಿಂಡು ಎಲ್ಲಿ ನಿಂತಿರುತ್ತದೆ? ಜಾಲಿಯ ಕೆಳಗೆ. ಕುರುಬರಣ್ಣ ಎಲ್ಲಿ ಕಂಬಳಿ ಹಾಸಿ ಮಲಗಿರುತ್ತಾನೆ? ಅಲ್ಲೇ. ಆಲದ ಮರಕ್ಕಾಗಿ ಕಾಯುತ್ತ ಕೂತರೆ ಈ ಎರೆಯ ಬಯಲಿನಲ್ಲಿ ಅವನು ಸುಟ್ಟುಹೋಗುತ್ತಾನೆ. ಇನ್ನು ಹಸಿವು. ಜಾಲಿಯ ಕಾಯಿ ದಾಸರು ತಿನ್ನಲಾರರು, ಒಪ್ಪಿದೆ; ಕುರಿ ಆಡುಗಳ ಹೊಟ್ಟೆಯೂ ಹೊಟ್ಟೆಯಲ್ಲವೆ? ಹೂವಿನ ವಿಷಯದಲ್ಲಂತೂ ಜಾಲಿಗೆ ನೆಂಟಸ್ತನದ ಬಲವಿದೆ. ಅದರ ದಾಯಾದಿ ಕಸ್ತೂರಿ ಜಾಲಿಯ ಹೂವನ್ನು ಫ್ರಾನ್ಸಿನ ಗ್ರಾಸ್ ಎಂಬ ಊರಿನವರು ಅತ್ತರಿಗೆ ಬಳಸಿದವರು. ಪ್ಯಾರಿಸ್ಸಿನ ದೊಡ್ಡಮನುಷ್ಯರ ಹೆಂಡಂದಿರು ಕಿವಿಯ ಹಿಂದೆ ಹಚ್ಚಿಕೊಂಡು ತಿರುಗಿದ್ದು ಜಾಲಿಯ ವಂಶದ ವಾಸನೆಯನ್ನೇ. ಕೂಡುವ ಜಾಗದ ಬಗ್ಗೆ ಗೀಜಗವನ್ನು ಕೇಳಬೇಕು. ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆ ಸಿಕ್ಕರೆ ಅದು ಬೇರೆ ಮರ ನೋಡುವುದಿಲ್ಲ. ಕೆಳಗೆ ನೀರು, ಸುತ್ತ ಮುಳ್ಳು, ಹಾವಿಗೆ ದಾರಿ ಕಷ್ಟ.

ನೇಗಿಲು, ಕೂರಿಗೆ, ಕುಂಟೆ, ಬಂಡಿಯ ಗಾಲಿ, ಎಲ್ಲಕ್ಕೂ ಜಾಲಿಯ ಕಟ್ಟಿಗೆ. ಚರ್ಮ ಹದ ಮಾಡಲು ಅದರ ತೊಗಟೆ. ಹಲ್ಲು ತಿಕ್ಕಲು ಅದರ ಕಡ್ಡಿ. ದುರ್ಜನರು ಇಷ್ಟು ಉಪಯೋಗಕ್ಕೆ ಬಿದ್ದರೆ ಅವರನ್ನು ಮನೆಯ ಮುಂದೆ ಹಚ್ಚಲು ನನ್ನ ತಕರಾರಿಲ್ಲ.

ದಾಸರ ಪರವಾಗಿಯೂ ಒಂದು ಮಾತು ಹೇಳಿಬಿಡಬೇಕು. ಅವರ ಕಾಲದಲ್ಲಿ ಬಳ್ಳಾರಿ ಜಾಲಿ ಇರಲಿಲ್ಲ. ಅದನ್ನು ಅಮೆರಿಕ ಖಂಡದ ಕಡೆಯಿಂದ ಇಲ್ಲಿಗೆ ತಂದದ್ದು 1870ರ ದಶಕದಲ್ಲಿ, ಬ್ರಿಟಿಷರು, ಉರುವಲಿಗೆಂದು. ಆಡು ಕುರಿ ಅದರ ಸಿಹಿ ಕಾಯಿ ತಿಂದು ಬೀಜವನ್ನು ಊರೂರಿಗೆ ಹಂಚಿದವು. ಈಗ ಹಳ್ಳ, ಕೆರೆ, ಸ್ಮಶಾನ, ಬಸ್‌ಸ್ಟ್ಯಾಂಡಿನ ಹಿಂದಿನ ಜಾಗ, ಎಲ್ಲ ಅದರದೇ. ಮುಂಡರಗಿಯ ದಾರಿಯಲ್ಲಿ ಅದನ್ನು ನೋಡಿದ್ದರೆ ದಾಸರು ಕೀರ್ತನೆಗೆ ಇನ್ನೆರಡು ಚರಣ ಸೇರಿಸುತ್ತಿದ್ದರು, ನಾನೂ ತಾಳ ಹಾಕುತ್ತಿದ್ದೆ.

ಮೋಜೆಂದರೆ ಈ ಬಳ್ಳಾರಿ ಜಾಲಿ ಬನ್ನಿಗೆ ಹತ್ತಿರದ ಸಂಬಂಧಿ. ಸಸ್ಯಶಾಸ್ತ್ರದವರು ಬಹುಕಾಲ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು. ಒಂದಕ್ಕೆ ಕೊಡಲಿ, ಇನ್ನೊಂದಕ್ಕೆ ಕುಂಕುಮ. ವಿಜಯದಶಮಿಯ ಸಂಜೆ ಊರಿಗೆ ಊರೇ ಬನ್ನಿ ಗಿಡದ ಹತ್ತಿರ ಹೋಗಿ, ತರಚಿದ ಕೈಯಲ್ಲಿ ಎಲೆ ಕಿತ್ತುಕೊಂಡು, “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂದು ಹಂಚಿಕೊಳ್ಳುತ್ತದೆ. ಎದುರುಮನೆಯ ಸಾಹೇಬರೂ ಪ್ರತಿ ವರ್ಷ ನನಗೆ ಬನ್ನಿ ಕೊಟ್ಟಿದ್ದಾರೆ. ಅದಕ್ಕೆ ಮುಳ್ಳಿದೆ ಎಂದು ಆ ದಿನ ಅವರಿಗೆ ಅನಿಸಿದಂತಿಲ್ಲ.

ಬನ್ನಿ ಎಂದ ಕೂಡಲೇ ನನಗೆ ಉತ್ತರಕುಮಾರ ನೆನಪಾಗುತ್ತಾನೆ. ನಮ್ಮೂರು ಗದಗಿನ ವೀರನಾರಾಯಣನ ಗುಡಿಯಲ್ಲಿ ಒಂದು ಕಂಬ ತೋರಿಸಿ, ಇದಕ್ಕೆ ಒರಗಿಯೇ ಕುಮಾರವ್ಯಾಸ ಭಾರತ ಬರೆದ ಎನ್ನುತ್ತಾರೆ. ಉತ್ತರನ ಪೌರುಷವನ್ನು ಅವನಷ್ಟು ರುಚಿಯಾಗಿ ಹೇಳಿದವರಿಲ್ಲ. ಹೆಂಗಸರ ಮುಂದೆ ಕೊಚ್ಚಿಕೊಂಡ, ಕೌರವರ ಸೈನ್ಯ ಕಂಡು ರಥದಿಂದ ಹಾರಿ ಓಡಿದ, ಬೃಹನ್ನಳೆ ಹಿಡಿದು ತಂದಳು. ಇಲ್ಲಿಯವರೆಗೆ ಎಲ್ಲರೂ ನಗುತ್ತಾರೆ. ಆದರೆ ಮುಂದೆ ಆ ಹುಡುಗ ಬನ್ನಿಯ ಮರ ಹತ್ತಿದ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಆ ಮರದಲ್ಲಿಟ್ಟು, ಯಾರೂ ಹತ್ತಿರ ಸುಳಿಯಬಾರದೆಂದು ಹೆಣವೊಂದನ್ನು ಕಟ್ಟಿದ್ದರು. ಉತ್ತರ ಹೆದರಿದ್ದು ಹೆಣಕ್ಕೆ. ಮುಳ್ಳಿಗೆ ಹೆದರಿದನೆಂದು ಯಾವ ಪುರಾಣಿಕರ ಬಾಯಲ್ಲೂ ನಾನು ಕೇಳಿಲ್ಲ. ಅರಮನೆಯ ಮೆತ್ತನೆ ಅಂಗಾಲಿನ ರಾಜಕುಮಾರ ಮುಳ್ಳಿನ ಮರ ಹತ್ತಿ, ಭಾರದ ಗಂಟು ಹೊತ್ತು ಕೆಳಗಿಳಿದ. ಟೀ ಶರ್ಟಿನ ಎಳೆ ಕಿತ್ತದ್ದಕ್ಕೆ ಬೆಳಿಗ್ಗೆ ಆರಕ್ಕೇ ಪಂಚಾಯ್ತಿ ಹೂಡುವ ಕಾಲದಲ್ಲಿ ನಿಂತು ನೋಡಿದರೆ ಅವನು ವೀರನೇ.

ಜಾಲಿಯ ಪರ ಒಂದು ಸಾಕ್ಷಿ ಉಳಿಯಿತು, ಅಂಟು. ತೊಗಟೆ ಸೀಳಿದಲ್ಲಿ ಒಸರಿ ಗಟ್ಟಿಯಾಗುವ ಗೋಂದು. ನಮ್ಮ ಕಡೆ ಬಾಣಂತಿಗೆ ಕಟ್ಟುವ ಅಂಟಿನುಂಡಿಗೆ, ಅಮೀನಗಡ ಗೋಕಾಕಿನ ಕರದಂಟಿಗೆ ಬೇಕಾಗುವ ಅಂಟು ಜಾಲಿ, ದಿಂಡಲದಂಥ ಮರಗಳದೇ. ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಹಾಕಿದರೆ ಹರಳು ಹರಳಾಗಿ ಅರಳುತ್ತದೆ. ಇಲ್ಲಿ ಅವಸರ ಮಾಡುವವರು ಉಂಡಿ ಕಟ್ಟಬಾರದು. ಹೊರಗೆ ಅರಳಿ ಒಳಗೆ ಹಸಿ ಉಳಿದ ಅಂಟು ಹಲ್ಲಿಗೆ ಹತ್ತಿಕೊಂಡರೆ ಬಿಡುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಉಂಡಿಗಳಲ್ಲಿ ಗೋಡಂಬಿಯ ಆಡಂಬರ ಹೆಚ್ಚು, ಅಂಟು ಹುಡುಕಬೇಕು. ಒಣಕೊಬ್ಬರಿಯನ್ನು ಕೈಯಲ್ಲಿ ಹೆರೆಯುವುದಿಲ್ಲ, ಯಂತ್ರಕ್ಕೆ ಹಾಕಿ ಹುಡಿ ಮಾಡುತ್ತಾರೆ. ಅಳವಿ ಹಾಕುವುದನ್ನೇ ಬಿಟ್ಟಿದ್ದಾರೆ. ಉತ್ತತ್ತಿ ದೊಡ್ಡ ದೊಡ್ಡ ಚೂರಿರುತ್ತದೆ, ಬೀಜದ ತುದಿಯೂ ಒಮ್ಮೊಮ್ಮೆ.

ಅಕ್ಕನ ಮೊದಲ ಬಾಣಂತನದಲ್ಲಿ ಅವ್ವ ಕಟ್ಟಿದ ಉಂಡಿಯೇ ಉಂಡಿ. ಡಬ್ಬಿಯನ್ನು ನಮ್ಮ ಕೈಗೆ ಸಿಗಬಾರದೆಂದು ಮಾಡದ ಮೇಲೆ, ಹಪ್ಪಳದ ಡಬ್ಬಿಯ ಹಿಂದೆ ಇಟ್ಟಿದ್ದಳು. ನಮಗೆ ಎಟುಕಲಿಲ್ಲ. ಆಗ ನಮ್ಮಲ್ಲಿಗೆ ಬಂದು ಉಳಿದಿದ್ದ ಸೋದರಮಾವನಿಗೆ ಏಣಿಯೇ ಬೇಕಿರಲಿಲ್ಲ, ಆರಡಿ ಆಳು. ದಿನಾ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬಾಣಂತಿಯ ಪಥ್ಯವನ್ನು ಅಕ್ಕನಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದ. ತಿಂಗಳು ಕಳೆದು ನೋಡಲು ಬಂದ ಬೀಗರು, ಕೂಸು ಸ್ವಲ್ಪ ಸೊರಗಿದಂಗ ಕಾಣತೈತಿ, ಮಾವ ಮಾತ್ರ ಮೈ ಹಿಡದಾನ ನೋಡ್ರಿ ಎಂದರು.