ಚಳಿ ಉಂಡು ಬೆಳೆಯುವ ಜೋಳ

ನನ್ನ ತವರು ಚಚಡಿ. ಬೆಳಗಾವಿ ಜಿಲ್ಲೆಯ ಎರೆಮಣ್ಣಿನ ಊರು. ಡಿಸೆಂಬರ್ ಬಂತೆಂದರೆ ಅಲ್ಲಿ ಒಣಗಾಳಿ ಬೀಸುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲದ ಕಾವೆಲ್ಲ ರಾತ್ರಿಯೇ ಹಾರಿಹೋಗುತ್ತದೆ. ಫಜ್ರ್ ನಮಾಝ್‌ಗೆ ವುಝೂ ಮಾಡುವಾಗ ನೀರು ಕೈ ಕಚ್ಚುತ್ತಿತ್ತು. ನಾನು ಚಳಿಯನ್ನು ಬೈಯುತ್ತಿದ್ದೆ.

"ಬೈಬ್ಯಾಡ ಬೇಟಿ, ನಮ್ಮ ಅನ್ನ ಅದರಾಗೈತಿ" ಎನ್ನುತ್ತಿದ್ದರು ಅಬ್ಬಾ.

ನಿಜವೇ. ಹಿಂಗಾರಿ ಜೋಳಕ್ಕೆ ನಮ್ಮಲ್ಲಿ ನೀರು ಹಾಯಿಸುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನ ಮಳೆಯ ಹಸಿಯನ್ನು ಎರೆಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ಚಳಿಯ ಕೆಲಸ. ಕಡಲೆಗೂ ಚಳಿಯೇ ಬೇಕು. ಅಮ್ಮಿ ರಾತ್ರಿ ಕಡಲೆ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿ ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಮನೆಮದ್ದು.

ನಾನು ಕಾಲೇಜು ಸೇರಬೇಕಿದ್ದ ವರ್ಷ ಚಳಿ ಬರಲಿಲ್ಲ. ವಾರಗಟ್ಟಲೆ ಮೋಡ ಮುಚ್ಚಿತು. ಕಡಲೆಗೆ ಕೀಡೆ ಬಿತ್ತು, ಕಾಯಿಗಳೆಲ್ಲ ತೂತು. ನನ್ನ ಫೀಸು ಆ ಹೊಲದಲ್ಲಿತ್ತು. ಅಬ್ಬಾ ರಾತ್ರಿ ಅಂಗಳದಲ್ಲಿ ನಿಂತು ನಕ್ಷತ್ರ ಹುಡುಕುತ್ತಿದ್ದರು. ಕೊನೆಗೆ ಎರಡು ಆಡು ಮಾರಿದರು. ನಾನು ಕಾಲೇಜಿಗೆ ಹೋದೆ. ಆಮೇಲೆಂದೂ ಚಳಿಯನ್ನು ಬೈಯಲಿಲ್ಲ.

ಈಗ ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಡಿಸೆಂಬರ್‌ನಲ್ಲೂ ಫ್ಯಾನ್ ತಿರುಗುತ್ತದೆ. ಊರಿಗೆ ಫೋನ್ ಮಾಡಿದಾಗ ಸಲಾಮ್ ಹೇಳಿ ಮೊದಲು ಕೇಳುವುದು ಒಂದೇ:

"ಚಳಿ ಐತೇನ್ ಅಬ್ಬಾ?"

"ಭಾಳ ಐತಿ ಬೇಟಿ, ಹಲ್ಲು ಕಟಕಟ ಅಂತಾವ."

ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇನೆ.