ಶಿರಾಡಿ ತಲೆಯಲ್ಲಿ ಸರಿದ ಹೌಸಿಂಗ್

ಬಳ್ಳಾರಿ ಅದಿರು ಹಗಲು ರಾತ್ರಿ ಎನ್ನದೆ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರು ಸೇರುತ್ತಿದ್ದ ಕಾಲ ಅದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಈ ದಾರಿ ಕಂಡವರಿಗೆ ಆ ಲಾರಿ ಸಾಲಿನ ಅಂದಾಜೇ ಸಿಗಲಾರದು. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ, ಘಾಟಿ ಶುರುವಾಗುವ ಮುಂಚೆ, ನಮ್ಮ ಮೇಸ್ತ್ರಿಯ ಶೆಡ್ಡು. ನಾನಲ್ಲಿ ಕೈಕೆಲಸಕ್ಕಿದ್ದೆ.

ಆಷಾಢದ ಒಂದು ಸಂಜೆ ಹತ್ತು ಚಕ್ರದ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಹೊಸಪೇಟೆ ಕಡೆಯ ಹುಡುಗ. "ಗಾಡಿ ಬಲಕ್ಕ ಎಳೀತೈತ್ರಿ ಮೇಸ್ತ್ರಿ. ಸ್ಟೇರಿಂಗ್ ಎಡಕ್ಕ ಹಿಡಕೊಂಡೇ ಬಂದೀನಿ. ಮುಂದಿನ ಚಕ್ರ ನೋಡ್ರಿ" ಅಂದ.

ಮೇಸ್ತ್ರಿ ಮುಂದಕ್ಕೆ ಹೋಗಲೇ ಇಲ್ಲ. ಲಾರಿಯ ಹಿಂದೆ ನಿಂತು, "ನೆಟ್ಟಗೆ ನಾಲ್ಕು ಮಾರು ಓಡ್ಸಪ್ಪ" ಅಂದರು. ಲಾರಿ ಹೊರಟಿತು. ಹಿಂದೆ ನಿಂತವರಿಗೆ ಬಾಡಿಯ ಬಲಮಗ್ಗುಲು ಕಾಣುತ್ತಿತ್ತು. ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತು. "ಹೌಸಿಂಗ್ ಸರಿದೈತೆ" ಅಂದವರೇ ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗಿದರು.

ಟಾರ್ಚ್ ಹಿಡಿದು ನಾನೂ ನೋಡಿದೆ. ಎಡಗಡೆ ಹೌಸಿಂಗ್, ಅಂದರೆ ಇಂಜಿನ್ ತಿರುಗಿಸುವ ಹಿಂದಿನ ಆಕ್ಸಲ್ಲಿನ ಕವಚ, ಅಂಗುಲಕ್ಕೂ ಹೆಚ್ಚು ಹಿಂದಕ್ಕೆ ಹೋಗಿ, ಅದರ ಟೈರು ಹಿಂದಿನ ಡಮ್ಮಿ ಆಕ್ಸಲ್ಲಿನ, ಬರೀ ಭಾರ ಹೊರುವ ಟೈರಿಗೆ ಉಜ್ಜುವುದೊಂದು ಬಾಕಿ. ಪ್ಲೇಟು ಜೋಡಿಸಿದ ಕಮಾನು ಕೂರುವ ಜಾಗದಲ್ಲಿ, ಯು-ಬೋಲ್ಟಿನ ಬುಡದಲ್ಲಿ, ಕುಂಕುಮದಂಥ ನುಣುಪಾದ ತುಕ್ಕಿನ ಪುಡಿ. ಅದಿರಿನ ಧೂಳಲ್ಲ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಿದ್ದದ್ದು. ಅಲ್ಲಿ ಬಿಗಿ ಸಡಿಲಾಗಿ ಬಹಳ ದಿನವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಸೆಂಟರ್ ಬೋಲ್ಟ್ ಕಟ್ಟಾಗೈತೆ" ಅಂದರು ಮೇಸ್ತ್ರಿ. ಹುಡುಗನಿಗೆ ಜೀವ ಬಂದಂತಾಯಿತು. "ಅಷ್ಟೇ ಏನ್ರಿ? ಒಂದು ಬೋಲ್ಟ್ ಹಾಕಿ ಬಿಡ್ರಿ, ರಾತ್ರಿನ ಇಳದುಬಿಡ್ತೀನಿ."

"ಆ ಬೋಲ್ಟ್ ಭಾರ ತಡೆಯೋದಲ್ಲ ಕಣಪ್ಪ. ಪ್ಲೇಟುಗಳ್ನ ಜೋಡ್ಸಿ ಜಾಗ ತೋರ್ಸೋದಷ್ಟೇ ಅದರ ಕೆಲಸ. ಹೌಸಿಂಗ್ ಹಿಡ್ಕೊಳೋದು ಯು-ಬೋಲ್ಟ್. ಅದು ಸಡಿಲಿದ್ರೆ ನೀನು ನೂರು ಬೋಲ್ಟ್ ಹಾಕು, ನೂರೂ ತುಂಡಾಗ್ತವೆ."

ಆಗ ಹತ್ತು ಚಕ್ರದ ಲಾರಿಗೆ ಗಾಡಿ-ಲೋಡು ಸೇರಿ 25 ಟನ್ ಮಿತಿ, ಅದು 28.5 ಆದದ್ದು 2018ರಲ್ಲಿ. ಅದಿರೋ ಮೋಸದ ಸರಕು. ಬಾಡಿ ಅರ್ಧ ಖಾಲಿ ಕಂಡರೂ ಕಮಾನು ನೆಟ್ಟಗಾಗಿ ಉಲ್ಟಾ ಬಾಗುವಷ್ಟು ತೂಕ. ಆ ಲೋಡಿನಲ್ಲಿ, ಘಾಟಿಯ ತಿರುವುಗಳಲ್ಲಿ ಹೌಸಿಂಗ್ ಇನ್ನೊಂದಿಷ್ಟು ಸರಿದಿದ್ದರೆ ಬ್ರೇಕ್ ಪೈಪು ಕಿತ್ತುಬರುತ್ತಿತ್ತು. ಮೇಸ್ತ್ರಿ ಲಾರಿಯ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ರಾತ್ರಿ ಶೆಡ್ಡಿನ ಮುಂದೆ ಬೆಂಕಿ ಹಾಕಿಕೊಂಡು ಕೂತೆವು. ಬೆಳಿಗ್ಗೆ ಸಕಲೇಶಪುರದಿಂದ ಪ್ಲೇಟು, ಹೊಸ ಯು-ಬೋಲ್ಟ್ ತಂದು ಕೆಲಸ ಹಿಡಿದೆವು. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಜಾಕಿ ಏರಿಸಿ, ಕೆಳಗೆ ಮರದ ದಿಮ್ಮಿ ಜೋಡಿಸಿದ ಮೇಲೇ ನಟ್ಟು ಮುಟ್ಟಿದ್ದು. ಕಮಾನು ಬಿಚ್ಚಿದರೆ ಎರಡು ಪ್ಲೇಟು ನಡುತೂತಿನ ಹತ್ತಿರವೇ ಮುರಿದಿದ್ದವು. ಒಂದನ್ನು ನನ್ನ ಕೈಗಿಟ್ಟರು. ಮುರಿದ ಮುಖದಲ್ಲಿ ಅರ್ಧ ಕಂದು, ಅರ್ಧ ಬೆಳ್ಳಿಯಂತೆ ಹೊಳಪು. ಕಂದು ಭಾಗ ಹಳೇ ಬಿರುಕು, ಹೊಳಪಿನದು ಕೊನೆಯ ಪೆಟ್ಟು.

ಹೊಸ ಸೆಂಟರ್ ಬೋಲ್ಟಿನ ತಲೆ ಹೌಸಿಂಗ್ ಸೀಟಿನ ತೂತಿನಲ್ಲಿ ಸರಿಯಾಗಿ ಕೂರುವವರೆಗೆ ಹಾರೆ ಹಾಕಿ ಸರಿಸಿದೆವು. ಯು-ಬೋಲ್ಟ್ ನಟ್ಟುಗಳನ್ನು ಮೂಲೆಗೆ ಮೂಲೆ, ಸ್ವಲ್ಪ ಸ್ವಲ್ಪವೇ ಬಿಗಿದು, ಜಾಕಿ ಇಳಿಸಿ ಭಾರ ಕೂರಿಸಿ, ನಟ್ಟು ತಿರುಗಿಸುವ ಪಾನಕ್ಕೆ ಉದ್ದ ಪೈಪು ಸಿಕ್ಕಿಸಿ ಮತ್ತೆ ಬಿಗಿದೆವು.

ಅಷ್ಟಾದರೂ ಮೇಸ್ತ್ರಿಗೆ ಸಮಾಧಾನವಿಲ್ಲ. "ಹೊಸ ಪ್ಲೇಟು ಓಡ್ತಾ ಕೂರ್ತವೆ, ಬಿಗಿ ಬಿಡುತ್ತೆ. ಘಾಟಿ ಇಳಿದು ಗುಂಡ್ಯದಲ್ಲಿ ನಿಲ್ಸಿ ಇನ್ನೊಂದ್ಸಲ ನೋಡ್ಬೇಕು" ಎಂದು ನನ್ನನ್ನೇ ಪಾನ, ಪೈಪು ಕೊಟ್ಟು ಲಾರಿ ಹತ್ತಿಸಿದರು. ಗುಂಡ್ಯದಲ್ಲಿ ನಾನು ಪಾನ ಹಿಡಿಯುವ ಮೊದಲೇ ಹುಡುಗ ಕೆಳಗೆ ನುಗ್ಗಿದ್ದ. ನಾಲ್ಕು ನಟ್ಟೂ ಕಾಲು ಕಾಲು ಸುತ್ತು ತಿರುಗಿದವು. ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತಾ ಕೇಳಿದ: "ಈ ಪಾನ ಎಷ್ಟು ನಂಬರಿಂದ್ರಿ? ಮಂಗಳೂರಾಗ ಒಂದು ತಗೋತೀನಿ."