ಸೊನ್ನೆಯಲ್ಲೊಂದು ಗೋಡೆ

ಎಂ.ಎಸ್ಸಿ. ಮುಗಿಸಿ ಗಣಿತದ ಸಂಶೋಧನೆಗೆ ಕೂತವರು ನಾವು. ಬೆಳಿಗ್ಗೆ ಬಿ.ಎಸ್ಸಿ. ಹುಡುಗರಿಗೆ ಸಂಭವನೀಯತೆ ಪಾಠ ಮಾಡ್ತೀವಿ, ರಾತ್ರಿ ಅದರದ್ದೇ ಸಂಶೋಧನೆ. ಕೇರಿಯಿಂದ ಬಂದವರಿಗೆ ಇದ್ಯಾಕೆ ಬೇಕಿತ್ತು ಅನ್ನುವವರಿದ್ದಾರೆ. ಅವರಿಗೊಂದು ಲೆಕ್ಕ ಹೇಳಬೇಕು.

ಈ ಶಾಸ್ತ್ರ ಬೆಳೆದದ್ದೇ ಜೂಜಿನಿಂದ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್, ಫರ್ಮಾ ಇಬ್ಬರೂ ಜೂಜಿನ ಲೆಕ್ಕ ಬಿಡಿಸುತ್ತ ಕಾಗದ ಬರೆದುಕೊಂಡರು. 1657ರಲ್ಲಿ ಹಾಲೆಂಡಿನ ಹೈಗೆನ್ಸ್ ಪ್ರಕಟಿಸಿದ ಪುಸ್ತಕದ ಕೊನೆಯ ಸಮಸ್ಯೆ ಜೂಜುಗಾರನ ದಿವಾಳಿಯದು. ಮೊನ್ನೆ ತರಗತಿಯಲ್ಲಿ ಅದನ್ನೇ ಎತ್ತಿಕೊಂಡೆವು. ನಿಮ್ಮ ಹತ್ರ 10 ರೂಪಾಯಿ, ಸಾವ್ಕಾರನ ಹತ್ರ 990. ನಾಣ್ಯ ಚಿಮ್ಮೋದು, ಸೋತವರು ಒಂದು ರೂಪಾಯಿ ಕೊಡೋದು, ಒಬ್ಬರ ಜೇಬು ಖಾಲಿಯಾಗೋವರೆಗೆ ಆಟ. ನಾಣ್ಯದಲ್ಲಿ ಮೋಸ ಇಲ್ಲ. ದಿವಾಳಿಯಾಗೋದು ಯಾರು?

ಇಬ್ಬರಿಗೂ ಸಮಸಮ ಅಂದರು ಹುಡುಗರು. ಬೋರ್ಡಿನ ಮೇಲೆ ಹಾಕಿ ತೋರಿಸಿದೆವು. ಮೋಸವಿಲ್ಲದ ಆಟದಲ್ಲಿ ನಿಮ್ಮ ಹಣದ ಸರಾಸರಿ ಬದಲಾಗೋದಿಲ್ಲ. ಕೊನೆಗೆ ಕೈಯಲ್ಲಿರೋದು ಒಂದೋ 1000, ಇಲ್ಲಾ ಸೊನ್ನೆ. ಸರಾಸರಿ 10 ಆಗಬೇಕಾದರೆ ನೀವು ಗೆಲ್ಲೋದು ನೂರಕ್ಕೆ ಒಂದೇ ಸಲ. 99 ಸಲ ದಿವಾಳಿ.

"ನಾಣ್ಯ ಸರಿಯಾಗೈತಲ್ಲ ಸಾ, ಮತ್ಯಾಕೆ?" ಅಂದ ಒಬ್ಬ. ಹಿಂದಿನ ಬೆಂಚಿನಿಂದ ಕೂಲಿಯವರ ಮಗಳು ಹೇಳಿದಳು: "ಅವ್ನತ್ರ ಸೋಲಕ್ಕೂ ದುಡ್ಡೈತೆ. ನಮ್ಮತ್ರ ಇಲ್ಲ."

ಪರೀಕ್ಷೆ ಎಲ್ರಿಗೂ ಒಂದೇ ಅಲ್ವೇನ್ರಯ್ಯಾ, ಮತ್ತೆ ಮೀಸಲಾತಿ ಯಾಕೆ ಅನ್ನುವವರಿಗೆ ಆ ಹುಡುಗಿಯ ಮಾತು ಸಾಕು.

ನಮ್ಮ ಸಂಶೋಧನೆ ಇಂಥ ನಡಿಗೆಯ ಗೋಡೆಗಳ ಮೇಲೆ. ನಾಣ್ಯ ಹೇಳಿದಂತೆ ಒಂದು ಹೆಜ್ಜೆ ಮುಂದೆ, ಇಲ್ಲಾ ಒಂದು ಹೆಜ್ಜೆ ಹಿಂದೆ. ಸೊನ್ನೆಯಲ್ಲಿರುವ ಗೋಡೆ ನುಂಗುವಂಥದ್ದಾದರೆ ಅಲ್ಲಿಗೆ ಬಿದ್ದವನು ಮುಗಿದ. ಅದೇ ಗೋಡೆ ವಾಪಸ್ ತಳ್ಳುವಂಥದ್ದಾಗಿ, ಬಿದ್ದವನ ಕೈಗೆ ಮತ್ತೆ ಒಂದು ರೂಪಾಯಿ ಬಂದರೆ ಅವನು 1000 ಮುಟ್ಟುವ ಸಂಭವನೀಯತೆ 1. ನಾಣ್ಯ ಅದೇ, ಯಾರ ಕಡೆಗೂ ವಾಲಿಲ್ಲ. ಸರಾಸರಿ 9,99,900 ಹೆಜ್ಜೆ ಹಾಕಬೇಕು, ತಡ ನಿಜ. ಆದರೆ ತಲುಪೋದು ಖಂಡಿತ.

ನಮ್ಮಪ್ಪ ತೀರಿಕೊಂಡ ವರ್ಷ ನಾವು ಸೊನ್ನೆಯಲ್ಲಿದ್ದೆವು. ಇಟ್ಟಿಗೆ ಗೂಡಿಗೆ ಹೊರಟಿದ್ದ ನಮ್ಮನ್ನು ವಾಪಸ್ ತಳ್ಳಿದ್ದು ಹಾಸ್ಟೆಲ್ಲಿನ ಮುದ್ದೆ, ಸ್ಕಾಲರ್‌ಶಿಪ್ಪಿನ ದುಡ್ಡು. ಲೆಕ್ಕದಲ್ಲಿ ನಮಗಿಂತ ಚುರುಕಾಗಿದ್ದ ಗೆಳೆಯನೊಬ್ಬನಿಗೆ ಆ ಗೋಡೆ ಸಿಗಲಿಲ್ಲ. ಅವನು ಇವತ್ತಿಗೂ ಗೂಡಿನಲ್ಲೇ ಇದ್ದಾನೆ.

ಊರಿನ ನಾಣ್ಯ ಮೊದಲಿಂದಲೂ ವಾಲಿದ್ದೇ. ಆ ಜಗಳ ನಡೆದೇ ಇದೆ. ಆದರೆ ನಾಣ್ಯ ನೆಟ್ಟಗಾದ ದಿನವೂ ಸೊನ್ನೆಯಲ್ಲಿ ಗೋಡೆ ಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಒಂದು ರೂಪಾಯಿ ನಾಣ್ಯ ಹಿಡಿದು ನಿಮ್ಮ ಮಕ್ಕಳಿಗೂ ಈ ಆಟ ಆಡಿಸಿ ತೋರಿಸಿ.